ಮಾರ್ಚ್ ತಿಂಗಳ ಫಾರಂಗೆ ಜನವರಿ ತುಂಬಾ ತಡ

ಎಲ್ಲರಿಗೂ ನಮಸ್ಕಾರ. ಶನಿವಾರ, ಅದೂ ಊಟಕ್ಕೆ ಮುಂಚೆ, ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ಫಾರಂ ಬಗ್ಗೆ ಕೇಳೋದಕ್ಕೆ ಬಂದಿದ್ದೀರಿ. ನಿಮ್ಮ ತಾಳ್ಮೆಗೆ ಮೊದಲು ಥ್ಯಾಂಕ್ಸ್. ಇಲ್ಲಿ ಐಟಿ ಕನ್ಸಲ್ಟಿಂಗ್ ಕಂಪನಿ ನಡೆಸುವವರಿದ್ದಾರೆ, ಹೋಟೆಲ್ ಇಟ್ಟವರೂ ಇದ್ದಾರೆ. ಇಬ್ಬರಿಗೂ ಸೇರಿಸಿಯೇ ಹೇಳುತ್ತೇನೆ.

2010ರಲ್ಲಿ ಬಂದ ಅಫೋರ್ಡಬಲ್ ಕೇರ್ ಆಕ್ಟ್, ನಾವೆಲ್ಲ ಒಬಾಮಾಕೇರ್ ಅನ್ನುತ್ತೇವಲ್ಲ, ಅದರ ಒಂದು ಭಾಗ ನಮಗೆ ಸಂಬಂಧಿಸಿದ್ದು. ಹಿಂದಿನ ವರ್ಷ ಸರಾಸರಿ 50 ಫುಲ್‌ಟೈಮ್ ನೌಕರರಿದ್ದರೆ ಈ ವರ್ಷ ಅವರಿಗೆ ಹೆಲ್ತ್ ಇನ್ಶೂರೆನ್ಸ್ ಆಫರ್ ಮಾಡಬೇಕು. ಮಾಡಿದ್ದನ್ನು 1094-ಸಿ (ಕಂಪನಿಯ ಒಟ್ಟು ಲೆಕ್ಕ), 1095-ಸಿ (ಒಬ್ಬೊಬ್ಬ ನೌಕರನದು) ಫಾರಂಗಳಲ್ಲಿ ಐಆರ್‌ಎಸ್‌ಗೆ ತಿಳಿಸಬೇಕು. ಇ-ಫೈಲ್ ಮಾಡಲು ಮುಂದಿನ ವರ್ಷದ ಮಾರ್ಚ್ 31ರವರೆಗೆ ಟೈಮ್ ಇದೆ. ಹಾಗಾಗಿ ‘ಜನವರೀಲಿ ಸಿಪಿಎ (ನಮ್ಮ ಅಕೌಂಟೆಂಟ್) ನೋಡ್ಕೋತಾರೆ ಬಿಡಿ’ ಅಂತ ಬಹಳ ಜನ ಸುಮ್ನೆ ಇರುತ್ತಾರೆ.

ಆದರೆ 1095-ಸಿ ತೆರೆದು ನೋಡಿ. 14, 15, 16ನೇ ಸಾಲುಗಳಲ್ಲಿ ಹನ್ನೆರಡು ತಿಂಗಳಿಗೂ ಬೇರೆ ಬೇರೆ ಮನೆಗಳಿವೆ. ಏಪ್ರಿಲ್‌ನಲ್ಲಿ ಈ ನೌಕರರಿಗೆ ಯಾವ ಆಫರ್ ಇತ್ತು? ಎಲ್ಲಕ್ಕಿಂತ ಅಗ್ಗದ ಪ್ಲಾನಿಗೆ ಅವರ ಪಾಲಿನ ಪ್ರೀಮಿಯಂ ಎಷ್ಟು? ಆ ತಿಂಗಳು ಅವರು ಫುಲ್‌ಟೈಮ್ ಇದ್ದರಾ? ಇವಕ್ಕೆ ಉತ್ತರ ಏಪ್ರಿಲ್‌ನಲ್ಲೇ ಬರೆದಿಟ್ಟಿರಬೇಕು. ಬಿಟ್ಟುಹೋದ ನೌಕರನ ಏಪ್ರಿಲ್ ತಿಂಗಳ ಗಂಟೆಗಳನ್ನು ಜನವರಿಯಲ್ಲಿ ಎಲ್ಲಿಂದ ತರುತ್ತೀರಿ?

ಮೊದಲು ತಲೆ ಎಣಿಸಿ. ವಾರಕ್ಕೆ 30 ಗಂಟೆ ಅಥವಾ ತಿಂಗಳಿಗೆ 130 ಗಂಟೆ ಇದ್ದರೆ ಫುಲ್‌ಟೈಮ್. ಪಾರ್ಟ್‌ಟೈಮ್‌ನವರ ಗಂಟೆ ಕೂಡಿಸಿ 120ರಿಂದ ಭಾಗಿಸಿ, ಬಂದದ್ದನ್ನು ಸೇರಿಸಿ. 42 ಫುಲ್‌ಟೈಮ್, ಜೊತೆಗೆ ತಿಂಗಳಿಗೆ 60 ಗಂಟೆ ಮಾಡುವ 20 ಜನ ಇದ್ದಾರೆ ಅಂದುಕೊಳ್ಳಿ. 42ಕ್ಕೆ 10 ಸೇರಿ 52 ಆಯಿತು. ಎಚ್‌1ಬಿ ಕೆಲಸದ ವೀಸಾದವರು, ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲಿದ್ದು ಸಂಬಳ ತಗೊಳ್ಳುವವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಬೆಂಗಳೂರು ಆಫೀಸಿನಲ್ಲಿ ಕೂತು ಕೆಲಸ ಮಾಡುವವರು ಬರುವುದಿಲ್ಲ, ಅಷ್ಟು ಸಮಾಧಾನ.

ಇನ್ನೊಂದು ಕಡೆ ಎಡವುತ್ತಾರೆ. ಒಬ್ಬರದೇ ಐಟಿ ಕಂಪನಿ, ಒಬ್ಬರದೇ ಉಡುಪಿ ಹೋಟೆಲ್ ಇದ್ದರೆ ಎರಡೂ ಸೇರಿಸಿ ಎಣಿಸಬೇಕು. ಒಟ್ಟು 50 ಮುಟ್ಟಿದರೆ, 14 ಜನ ಇರುವ ಹೋಟೆಲ್ಲೂ ತನ್ನದೇ ಹೆಸರಿನಲ್ಲಿ ಫಾರಂ ಹಾಕಬೇಕು.

ದಂಡ ಎಷ್ಟು? 55 ಫುಲ್‌ಟೈಮ್ ಜನರಿದ್ದು ವರ್ಷಪೂರ್ತಿ ಯಾರಿಗೂ ಆಫರ್ ಮಾಡಿಲ್ಲ ಅನ್ನಿ. ಅವರಲ್ಲಿ ಒಬ್ಬರು ಮಾರ್ಕೆಟ್‌ಪ್ಲೇಸ್‌ನಲ್ಲಿ, ಅಂದರೆ ಒಬಾಮಾಕೇರ್‌ನ ಇನ್ಶೂರೆನ್ಸ್ ಮಾರುಕಟ್ಟೆಯಲ್ಲಿ, ಸರ್ಕಾರದ ಸಬ್ಸಿಡಿ ಪಡೆದರೆ ಸಾಕು. 30 ಜನರನ್ನು ಬಿಟ್ಟು ಉಳಿದ 25 ಜನಕ್ಕೆ, 2025ರ ದರ ತಲಾ 2,900 ಡಾಲರ್, ಒಟ್ಟು 72,500 ಡಾಲರ್. ಆಫರ್ ಮಾಡಿದರೂ ಪ್ರೀಮಿಯಂ ಭಾರವಾಗಿದ್ದರೆ ಬೇರೆ ದಂಡ ಇದೆ. ನೌಕರ ತನಗೊಬ್ಬನಿಗೆ ಕೊಡುವ ಪ್ರೀಮಿಯಂ 2025ರಲ್ಲಿ ಆದಾಯದ ಶೇ. 9.02 ದಾಟಬಾರದು, 2026ರಲ್ಲಿ ಶೇ. 9.96. ಅಂದರೆ ಓಪನ್ ಎನ್‌ರೋಲ್‌ಮೆಂಟ್‌ಗೆ (ನೌಕರರು ಮುಂದಿನ ವರ್ಷದ ಪ್ಲಾನ್ ಆರಿಸುವ ಸಮಯ) ದರ ಗೊತ್ತು ಮಾಡುವ ದಿನವೇ ಮುಂದಿನ ವರ್ಷದ 15ನೇ ಸಾಲು ತುಂಬಿದಂತೆ.

ಈಗ ನಮ್ಮವರಿಗೇ ಇರುವ ತಾಪತ್ರಯ: ಹೆಸರು. ಐಆರ್‌ಎಸ್ ಕಂಪ್ಯೂಟರು ಸೋಶಿಯಲ್ ಸೆಕ್ಯುರಿಟಿ ನಂಬರಿನ ಜೊತೆ ಕೊನೆಯ ಹೆಸರಿನ ಮೊದಲ ನಾಲ್ಕು ಅಕ್ಷರ ತಾಳೆ ನೋಡುತ್ತದೆ. ನಮ್ಮ ಹುಡುಗ ಪೇರೋಲ್‌ನಲ್ಲಿ ‘ಮಂಜುನಾಥ್ ಎಚ್.ಕೆ.’ ಅಂತ ಬರೆಸಿರುತ್ತಾನೆ. ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದು, ಕೊನೆಗೆ ಕೃಷ್ಣಪ್ಪ ಅಂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದವರ ಪಾಡು ಇನ್ನೂ ಕಷ್ಟ. ಫಾರಂ ವಾಪಸ್ ಬರೋದಿಲ್ಲ, ‘ತಪ್ಪುಗಳೊಂದಿಗೆ ಸ್ವೀಕೃತ’ ಅಂತ ಬರುತ್ತದೆ. ಅದನ್ನು ನೋಡಿ ಖುಷಿಪಟ್ಟು ಮುಚ್ಚಿಡಬೇಡಿ, ಸರಿಪಡಿಸಿ. ಅದಕ್ಕಿಂತ ಒಳ್ಳೇದು, ಕೆಲಸಕ್ಕೆ ಸೇರಿದ ದಿನವೇ ಕಾರ್ಡು ನೋಡಿ ಹಾಗೇ ಬರೆದುಕೊಳ್ಳಿ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಒಬ್ಬರು ‘ನಂಗೆ ಬೇಡ, ಅವರ ಆಫೀಸಿಂದ ಇದೆ’ ಅನ್ನುತ್ತಾರೆ. ಬೇಡ ಅಂದರೂ ನೀವು ಆಫರ್ ಮಾಡಿದ್ದು ಲೆಕ್ಕಕ್ಕುಂಟು. ಆದರೆ ಸಹಿ ಹಾಕಿದ ಕಾಗದ ಬೇಕು. 226-ಜೆ ಎಂಬ ದಂಡದ ಪತ್ರ ವರ್ಷಗಳ ಮೇಲೆ ಬರುತ್ತದೆ. ಅಷ್ಟರಲ್ಲಿ ನಿಮ್ಮ ಎಚ್‌ಆರ್ ಹುಡುಗಿ ಬೇರೆ ಕಂಪನಿಯಲ್ಲಿರುತ್ತಾಳೆ.

2024ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಸ್ವಲ್ಪ ಸಡಿಲ ಮಾಡಿದೆ. ವೆಬ್‌ಸೈಟಿನಲ್ಲಿ ಸರಿಯಾಗಿ ನೋಟಿಸ್ ಹಾಕಿದರೆ, 1095-ಸಿ ಪ್ರತಿಯನ್ನು ಕೇಳಿದ ನೌಕರರಿಗೆ ಮಾತ್ರ ಕೊಟ್ಟರೆ ಸಾಕು. ದಂಡದ ಪತ್ರಕ್ಕೆ ಉತ್ತರಿಸಲು 30 ದಿನದ ಬದಲು 90 ದಿನ ಸಿಗುತ್ತದೆ. ಆದರೆ ಐಆರ್‌ಎಸ್‌ಗೆ ಕಳಿಸುವುದು ತಪ್ಪುವುದಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ರಿಟರ್ನ್ ಇರುವವರೆಲ್ಲ ಇ-ಫೈಲ್ ಮಾಡಲೇಬೇಕು. ನೌಕರರ ಸಂಬಳದ ಫಾರಂ ಡಬ್ಲ್ಯು-2ಗಳೂ ಆ ಹತ್ತರಲ್ಲಿ ಸೇರುತ್ತವೆ. ನೀವೇ ಫೈಲ್ ಮಾಡುವುದಾದರೆ ಅದಕ್ಕೆ ಬೇಕಾದ ಐಆರ್‌ಎಸ್‌ನ ಟಿಸಿಸಿ ಕೋಡಿಗೆ ಈಗಲೇ ಅರ್ಜಿ ಹಾಕಿ, ಅದು ವಾರಗಟ್ಟಲೆ ಹಿಡಿಯುತ್ತದೆ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದವರೇ, ನಿಮ್ಮ ರಾಜ್ಯಗಳಿಗೆ ತಮ್ಮದೇ ಬೇರೆ ನಿಯಮ ಇದೆ. ಕೇಂದ್ರದ ಸಡಿಲಿಕೆ ಅಲ್ಲಿ ನಡೆಯುತ್ತೆ ಅಂತ ಅಂದುಕೊಳ್ಳದೆ ಸಿಪಿಎಯನ್ನು ಕೇಳಿ.

ಸರಿ, ಪ್ರಶ್ನೆ ಇದ್ದರೆ ಕೇಳಿ. ಹಿಂದುಗಡೆ ಕೂತವರು ಆಗಲೇ ಕೈ ಎತ್ತಿದ್ದಾರೆ.