ಬಣ್ಣ ನೋಡಿ ರುಚಿ ಹೇಳಲಾಗದ ಹಣ್ಣು

ಕೇಳುಗರಿಗೆ ನಮಸ್ಕಾರ.

ಗ್ರೇಪ್‌ಫ್ರೂಟ್ ಕೊಳ್ಳುವವರು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ. ತೊಳೆ ಬಿಳಿಯಾಗಿದ್ದರೆ ಕಹಿ, ನಸುಗೆಂಪಾಗಿದ್ದರೆ ಪರವಾಗಿಲ್ಲ, ಕಡುಗೆಂಪಾಗಿದ್ದರೆ ಸಿಹಿ. ಈ ಲೆಕ್ಕ ಕೆಲವೊಮ್ಮೆ ಸರಿಬರುತ್ತದೆ, ಅನೇಕ ಸಲ ಕೈಕೊಡುತ್ತದೆ. ಹಾಗಾಗಿ ಇವತ್ತು ಬಣ್ಣವನ್ನು ಸ್ವಲ್ಪ ಪಕ್ಕಕ್ಕಿಟ್ಟು, ನಾಲಿಗೆಯನ್ನೇ ನಂಬಿಕೊಂಡು ಈ ಹಣ್ಣಿನ ಕೆಲವು ತಳಿಗಳ ಬಗ್ಗೆ ಮಾತಾಡೋಣ.

ಗ್ರೇಪ್‌ಫ್ರೂಟ್ ತೀರಾ ಹೊಸ ಹಣ್ಣು. ಚಕ್ಕೋತ, ಕಿತ್ತಳೆಗಳನ್ನು ಮನುಷ್ಯ ಎಷ್ಟೋ ಕಾಲದಿಂದ ಬಲ್ಲ. ಇದು ಹಾಗಲ್ಲ. ಏಷ್ಯಾದಿಂದ ಹಡಗು ಹತ್ತಿ ಕೆರಿಬಿಯನ್ ದ್ವೀಪಗಳನ್ನು ಸೇರಿದ ಚಕ್ಕೋತ ಮತ್ತು ಸಿಹಿ ಕಿತ್ತಳೆ ಅಲ್ಲಿ ಅಕ್ಕಪಕ್ಕ ಬೆಳೆದವು, ಅವುಗಳ ಪರಾಗ ಬೆರೆಯಿತು, ಯಾರೂ ಬಯಸದೆ ಒಂದು ಮಿಶ್ರ ಸಸಿ ಹುಟ್ಟಿತು. ಬಾರ್ಬಡೋಸ್ ದ್ವೀಪದ ನಿಸರ್ಗದ ಬಗ್ಗೆ 1750ರಲ್ಲಿ ಪುಸ್ತಕ ಬರೆದ ಪಾದ್ರಿ ಗ್ರಿಫಿತ್ ಹ್ಯೂಸ್ ಅಲ್ಲಿನ ಒಂದು ಹಣ್ಣನ್ನು ‘ನಿಷೇಧಿತ ಫಲ’ ಎಂದು ಬಣ್ಣಿಸಿದ್ದಾನೆ. ಈ ಹಣ್ಣಿನ ಮೊದಲ ಉಲ್ಲೇಖ ಅದೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಂದೆ 1830ರಲ್ಲಿ ಸಸ್ಯವಿಜ್ಞಾನಿ ಜೇಮ್ಸ್ ಮೆಕ್‌ಫೇಡಿಯನ್ ಇದಕ್ಕೆ ಸಿಟ್ರಸ್ ಪ್ಯಾರಡೈಸಿ ಎಂಬ ಶಾಸ್ತ್ರೀಯ ಹೆಸರು ಕೊಟ್ಟ. ಮೊದಲು ನಿಷೇಧಿತ ಫಲ, ಆಮೇಲೆ ಸ್ವರ್ಗದ ಫಲ! ಇದು ಚಕ್ಕೋತ ಮತ್ತು ಕಿತ್ತಳೆಯ ಮಿಶ್ರಣ ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಇನ್ನೂ ನೂರು ವರ್ಷ ಕಳೆದಿತ್ತು.

ಈ ಹಣ್ಣಿಗೆ ಕಹಿ ಬಂದದ್ದು ಚಕ್ಕೋತದ ಕಡೆಯಿಂದ. ನರಿಂಜಿನ್ ಎಂಬ ವಸ್ತು ಅದಕ್ಕೆ ಮುಖ್ಯ ಕಾರಣ. ಅದು ರಸದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸಿಪ್ಪೆಯೊಳಗಿನ ಬಿಳಿ ಪದರದಲ್ಲೂ ತೊಳೆಗಳ ನಡುವಿನ ಪೊರೆಯಲ್ಲೂ ಇರುತ್ತದೆ. ಅಂದರೆ ಒಂದೇ ಹಣ್ಣನ್ನು ಇಬ್ಬರು ಹಂಚಿಕೊಂಡು, ಒಬ್ಬರು ಪೊರೆ ಸಮೇತ ಅಗಿದು, ಇನ್ನೊಬ್ಬರು ಪೊರೆ ಬಿಡಿಸಿ ತಿಂದರೆ, ಇಬ್ಬರೂ ತಿಂದದ್ದು ಬೇರೆ ಬೇರೆ ಹಣ್ಣೇ ಅನ್ನಿಸಬಹುದು. ‘ನನಗೆ ಗ್ರೇಪ್‌ಫ್ರೂಟ್ ಸೇರುವುದಿಲ್ಲ’ ಎನ್ನುವವರು ಒಮ್ಮೆ ಪೊರೆ ತೆಗೆದು ತಿಂದು ನೋಡಲಿ ಎಂದು ನಾನು ಹೇಳುವುದು ಇದಕ್ಕೇ. ಚಿಟಿಕೆ ಉಪ್ಪು ಉದುರಿಸಿದರೂ ಕಹಿ ತಗ್ಗುತ್ತದೆ. ಸಕ್ಕರೆ ಸುರಿಯುವುದಕ್ಕಿಂತ ಅದು ಮೇಲು, ಸಕ್ಕರೆ ಹಣ್ಣಿನ ಹುಳಿಯನ್ನೂ ಮುಚ್ಚಿಬಿಡುತ್ತದೆ.

ಇನ್ನೊಂದು ಬಗೆಯ ಕಹಿಯಿದೆ. ಅದು ತಡವಾಗಿ ಬರುವಂಥದ್ದು. ಲಿಮೊನಿನ್ ಎಂಬುದು ಇಡೀ ಹಣ್ಣಿನಲ್ಲಿ ಕಹಿಯಿಲ್ಲದ ರೂಪದಲ್ಲಿ ಅಡಗಿರುತ್ತದೆ. ಹಿಂಡಿದ ಮೇಲೆ ರಸದ ಹುಳಿಗೆ ಸಿಕ್ಕಿ ನಿಧಾನವಾಗಿ ಕಹಿಯಾಗುತ್ತದೆ. ಆಗಷ್ಟೇ ಹಿಂಡಿದಾಗ ಚೆನ್ನಾಗಿದ್ದ ರಸ ಹೊತ್ತು ಕಳೆದಂತೆ ಕಹಿಯಾಯಿತೆಂದರೆ ಅದು ಇದರ ಕೆಲಸ. ಸುಗ್ಗಿಯ ಮೊದಲ ಹಣ್ಣುಗಳಲ್ಲಿ ಇದರ ಕಾಟ ಜಾಸ್ತಿ.

ಹುಳಿ, ಸಿಹಿ, ಕಹಿ ಮೂರೂ ಸೇರಿದರೂ ಗ್ರೇಪ್‌ಫ್ರೂಟ್ ಆಗುವುದಿಲ್ಲ, ಪರಿಮಳವೂ ಬೇಕು. ನೂಟ್‌ಕಟೋನ್ ಎಂಬ ಸುವಾಸನೆಯ ವಸ್ತುವಿನ ಜೊತೆಗೆ ಗಂಧಕವಿರುವ ಒಂದು ಸಂಯುಕ್ತ ಇದರಲ್ಲಿದೆ. ವಿಜ್ಞಾನಿಗಳು ಅದನ್ನು 1982ರಲ್ಲಿ ಗುರುತಿಸಿದರು. ಲೀಟರ್ ನೀರಿನಲ್ಲಿ ಒಂದು ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೂ ಮೂಗು ಅದನ್ನು ಹಿಡಿಯುತ್ತದೆ. ಅದೇ ಪ್ರಮಾಣ ಹೆಚ್ಚಾದರೆ ಅಸಹ್ಯ ವಾಸನೆ.

ಇನ್ನು ತಳಿಗಳು. ಹಿರಿಯ ತಳಿ ಡಂಕನ್. ಫ್ಲಾರಿಡಾದಲ್ಲಿ 1830ರ ಸುಮಾರಿಗೆ ನೆಟ್ಟ ಒಂದು ಸಸಿಯಿಂದ ಬಂದದ್ದು, 1892ರಲ್ಲಿ ಈ ಹೆಸರಿನಿಂದ ಹೊರಬಿತ್ತು. ತೊಳೆ ಮಾಸಲು ಬಿಳುಪು, ಬೀಜ ಮೂವತ್ತರಿಂದ ಐವತ್ತು. ತಿನ್ನುವುದಕ್ಕಿಂತ ಬೀಜ ಉಗುಳುವುದೇ ದೊಡ್ಡ ಕೆಲಸ. ಆದರೆ ರುಚಿಯಲ್ಲಿ ಇದನ್ನು ಮೀರಿಸಿದ ತಳಿ ಇಲ್ಲ ಎನ್ನುವ ಬೆಳೆಗಾರರು ಇವತ್ತಿಗೂ ಇದ್ದಾರೆ, ನಾನೂ ಅವರ ಪಕ್ಷವೇ. ಹುಳಿ, ಸಿಹಿ, ಕಹಿ ಮೂರೂ ಗಟ್ಟಿಯಾಗಿದ್ದು ಒಂದನ್ನೊಂದು ತಡೆದು ಹಿಡಿಯುತ್ತವೆ, ಪರಿಮಳ ಬಾಯಲ್ಲಿ ಬಹಳ ಹೊತ್ತು ಉಳಿಯುತ್ತದೆ.

ಡಂಕನ್ನನ್ನು ಮೂಲೆಗೆ ತಳ್ಳಿದ್ದು ಮಾರ್ಶ್. ಅದೂ ಫ್ಲಾರಿಡಾದ್ದೇ, ಬಣ್ಣವೂ ಬಿಳಿಯೇ, ಆದರೆ ಬೀಜ ಇಲ್ಲವೆನ್ನುವಷ್ಟು ಕಡಿಮೆ. ಹಣ್ಣಾದ ಮೇಲೂ ಮರದಲ್ಲಿ ಬಹುಕಾಲ ಕೆಡದೆ ನಿಲ್ಲುತ್ತದೆ. ರುಚಿ ಡಂಕನ್‌ಗಿಂತ ಒಂದು ಕೈ ಕಡಿಮೆ. ಬೀಜದ ರಗಳೆ ತಪ್ಪಿತಲ್ಲ ಎಂದು ಜಗತ್ತು ಆ ನಷ್ಟವನ್ನು ಒಪ್ಪಿಕೊಂಡಿತು.

ಕೆಂಪು ಬಣ್ಣ ಬಂದ ಕಥೆ ಮಜವಾಗಿದೆ. 1913ರಲ್ಲಿ ಫ್ಲಾರಿಡಾದ ಒಂದು ಮಾರ್ಶ್ ಮರದ ಒಂದೇ ಕೊಂಬೆಯಲ್ಲಿ ನಸುಗೆಂಪು ತೊಳೆಯ ಹಣ್ಣು ಬಿಟ್ಟಿತು. ಆ ಕೊಂಬೆಯ ಕಣ್ಣು ತೆಗೆದು ಕಸಿ ಕಟ್ಟಿದಾಗ ಥಾಂಪ್ಸನ್ ಎಂಬ ತಳಿಯಾಯಿತು. ಮುಂದೆ 1929ರಲ್ಲಿ ಟೆಕ್ಸಾಸ್‌ನ ಒಂದು ಥಾಂಪ್ಸನ್ ಮರದ ಕೊಂಬೆ ಇನ್ನೂ ಕೆಂಪಾಯಿತು. ಅದೇ ರೂಬಿ ರೆಡ್. 1934ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಗಮನಿಸಿ, ಇಲ್ಲಿ ಬೇರೆ ಹಣ್ಣಿನೊಡನೆ ಸಂಕರವಾಗಲೇ ಇಲ್ಲ. ಮಾರ್ಶ್ ಮರವೇ ಎರಡು ಸಲ ಬಣ್ಣ ಬದಲಿಸಿತು, ಅಷ್ಟೆ. ಕಣ್ಣು ಮುಚ್ಚಿ ತಿಂದರೆ ಮಾರ್ಶ್ ಯಾವುದು, ರೂಬಿ ರೆಡ್ ಯಾವುದು ಎಂದು ಹೇಳುವುದು ಬಹಳ ಕಷ್ಟ. ಆರಂಭದಲ್ಲಿ ಹೇಳಿದ ಲೆಕ್ಕ ಕೈಕೊಡುವುದು ಇಲ್ಲೇ. ಆ ಕೆಂಪು ಲೈಕೋಪೀನ್‌ನದು, ಟೊಮೆಟೊದಲ್ಲಿರುವ ಅದೇ ವರ್ಣಕ. ಅದಕ್ಕೆ ಸಿಹಿಯೂ ಇಲ್ಲ, ಹುಳಿಯೂ ಇಲ್ಲ.

ರೂಬಿ ರೆಡ್‌ಗೆ ಒಂದು ಕೊರತೆಯಿತ್ತು. ಸುಗ್ಗಿ ಮುಂದುವರಿದಂತೆ ಬಣ್ಣ ಪೇಲವವಾಗುತ್ತಿತ್ತು. ಟೆಕ್ಸಾಸ್‌ನ ರಿಚರ್ಡ್ ಹೆನ್ಸ್ ಎಂಬ ವಿಜ್ಞಾನಿ ಹಡ್ಸನ್ ಎಂಬ ಇನ್ನೊಂದು ಕೆಂಪು ತಳಿಯ ಬೀಜಗಳಿಗೆ ವಿಕಿರಣ ಹಾಯಿಸಿ ಸಸಿ ಎಬ್ಬಿಸಿದರು. ಹಡ್ಸನ್‌ನ ತುಂಬ ಬೀಜವೇ ಬೀಜ. ವಿಕಿರಣ ತಗುಲಿ ಹುಟ್ಟಿದ ಸ್ಟಾರ್ ರೂಬಿಯಲ್ಲಿ ಬೀಜ ಬಹುತೇಕ ಮಾಯ, ಬಣ್ಣ ಮಾತ್ರ ಕಡುಗೆಂಪು. ಅದು 1970ರಲ್ಲಿ ಬೆಳೆಗಾರರ ಕೈಸೇರಿತು. ತೆಳು ಸಿಪ್ಪೆ, ತುಂಬು ರಸ, ಸಿಹಿಯ ಜೊತೆ ಚುರುಕಾದ ಹುಳಿ. ಕೆಂಪು ತಳಿಗಳಲ್ಲಿ ನನ್ನ ಮತ ಇದಕ್ಕೆ. ಮರ ಮಾತ್ರ ಬಲು ನಾಜೂಕು, ಚಳಿ ತಡೆಯದು, ಕಳೆನಾಶಕ ತಡೆಯದು. ಹಾಗಾಗಿ 1984ರಲ್ಲಿ, ವಿಕಿರಣದ ದಾರಿಯಲ್ಲೇ, ರಿಯೋ ರೆಡ್ ಬಂತು. ಅದರ ಮರ ಗಟ್ಟಿ, ಫಸಲು ಧಾರಾಳ, ರುಚಿ ಸೌಮ್ಯ. ಯಾರಿಗೂ ಬೇಸರವಾಗದ ಹಣ್ಣು, ಯಾರನ್ನೂ ಬೆರಗಾಗಿಸದ ಹಣ್ಣು ಕೂಡ.

ಕಹಿಯೇ ಬೇಡ ಎನ್ನುವವರಿಗೆ ಓರೋಬ್ಲಾಂಕೋ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದಲ್ಲಿ 1958ರಲ್ಲಿ ಹುಳಿಯಿಲ್ಲದ ಒಂದು ಚಕ್ಕೋತವನ್ನು ಬಿಳಿ ಗ್ರೇಪ್‌ಫ್ರೂಟ್ ಜೊತೆ ಕೂಡಿಸಿದರು. 1980ರಲ್ಲಿ ತಳಿ ಹೊರಬಂತು. ಅದರ ಜೀವಕೋಶದಲ್ಲಿ ವರ್ಣತಂತುಗಳ ಗುಂಪು ಎರಡರ ಬದಲು ಮೂರು ಇರುವುದರಿಂದ ಬೀಜ ಕಟ್ಟುವುದಿಲ್ಲ. ಸಿಪ್ಪೆ ದಪ್ಪ, ಹಸಿರಾಗಿದ್ದಾಗಲೇ ಒಳಗೆ ಹಣ್ಣಾಗಿರುತ್ತದೆ. ಬಿಳಿ ತೊಳೆಯ ಈ ಹಣ್ಣು ಕೆಂಪು ತಳಿಗಳಿಗಿಂತ ಸಿಹಿ! ಪೊರೆ ಬಿಡಿಸಿ ತಿಂದರೆ ಕಹಿಯ ಸುಳಿವೂ ಸಿಗದು. ನನಗೆ ಮಾತ್ರ ಅದು ಗ್ರೇಪ್‌ಫ್ರೂಟ್ ಎನ್ನುವುದಕ್ಕಿಂತ ಒಳ್ಳೆಯ ಚಕ್ಕೋತ ಅನ್ನಿಸುತ್ತದೆ. ಅದರ ಒಡಹುಟ್ಟು ಮೆಲೊಗೋಲ್ಡ್, ಗಾತ್ರದಲ್ಲಿ ಇನ್ನೂ ದೊಡ್ಡದು.

ತಳಿ ಯಾವುದೇ ಇರಲಿ, ಬೆಳೆದ ಜಾಗದ ಬಿಸಿಲು ರುಚಿಯನ್ನು ತಿದ್ದುತ್ತದೆ. ಸೆಕೆಯ ನಾಡಿನಲ್ಲಿ ಹುಳಿ ಇಳಿದು ಸಿಹಿ ಮೇಲಾಗುತ್ತದೆ, ಕೆಂಪೂ ಚೆನ್ನಾಗಿ ಏರುತ್ತದೆ. ತಂಪು ಹವೆಯಲ್ಲಿ ಹುಳಿ ಹಾಗೇ ಉಳಿಯುತ್ತದೆ. ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಗಿ ನೋಡಿ, ಗಾತ್ರಕ್ಕಿಂತ ಭಾರ ಅನ್ನಿಸುವುದನ್ನೇ ಆರಿಸಿ. ತೊಟ್ಟಿನ ಕಡೆ ಉಬ್ಬಿ ಕತ್ತು ಬಂದಂತಿದ್ದರೆ ಸಿಪ್ಪೆ ದಪ್ಪ, ರಸ ಕಡಿಮೆ.

ಕೊನೆಯದಾಗಿ ಔಷಧದ ವಿಚಾರ. ಕೆನಡಾದಲ್ಲಿ ಡೇವಿಡ್ ಬೇಲಿ ಎಂಬ ಸಂಶೋಧಕರ ತಂಡ ರಕ್ತದೊತ್ತಡದ ಗುಳಿಗೆಯ ಮೇಲೆ ಮದ್ಯದ ಪರಿಣಾಮವನ್ನು ಪರೀಕ್ಷಿಸುತ್ತಿತ್ತು. ಮದ್ಯದ ರುಚಿ ತಿಳಿಯದಿರಲೆಂದು ಈ ಹಣ್ಣಿನ ರಸದಲ್ಲಿ ಬೆರೆಸಿದರು. ರಕ್ತದಲ್ಲಿ ಔಷಧದ ಮಟ್ಟ ನೆನೆಸದಷ್ಟು ಏರಿತು, ಕಾರಣ ಮದ್ಯವಲ್ಲ, ಹಣ್ಣಿನ ರಸ! ಹಣ್ಣಿನಲ್ಲಿರುವ ಫ್ಯೂರನೋಕೌಮರಿನ್‌ಗಳು ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್, ಅಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಹೀಗೆ ಹಲವು ಮದ್ದುಗಳಿಗೆ ಇದು ಅನ್ವಯಿಸುತ್ತದೆ. ಬೆಳಗ್ಗೆ ಹಣ್ಣು, ರಾತ್ರಿ ಗುಳಿಗೆ ಎಂದು ಹೊತ್ತು ಬದಲಿಸಿದರೂ ಉಪಯೋಗವಿಲ್ಲ, ಪರಿಣಾಮ ಒಂದು ದಿನಕ್ಕೂ ಮೀರಿ ಉಳಿಯುತ್ತದೆ. ಬಿಳಿ, ಕೆಂಪು ಎಂಬ ಭೇದ ಇದಕ್ಕಿಲ್ಲ, ಚಕ್ಕೋತವೂ ಇದೇ ಸಾಲಿಗೆ ಸೇರುತ್ತದೆ. ದಿನನಿತ್ಯ ಗುಳಿಗೆ ನುಂಗುವವರು ಹಣ್ಣು ಕೊಯ್ಯುವ ಮೊದಲು ವೈದ್ಯರನ್ನೊಮ್ಮೆ ಕೇಳಿ.

ನಮಸ್ಕಾರ.