ಒಂಬತ್ತನೇ ಮಹಡಿಯ ಬಾಗಿಲು

ಕೇಳುಗರಿಗೆ ನಮಸ್ಕಾರ.

1900ರ ಆಸುಪಾಸಿನ ಅಮೆರಿಕ, ಅಲ್ಲಿನ ಕಾರ್ಖಾನೆಗಳು, ಆ ದೇಶ ಬೆಳೆದ ಬಗೆ, ಸಮಾಜ ಸುಧಾರಣೆ, ಇಷ್ಟನ್ನೂ ಹತ್ತು ನಿಮಿಷದಲ್ಲಿ ಹೇಳಿ ಅಂತ ರೇಡಿಯೋದವರು ಅಂದಿದ್ದಾರೆ. ನಾನು ಇತಿಹಾಸದ ಮೇಷ್ಟ್ರಲ್ಲ. ಮೂವತ್ತು ವರ್ಷ ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್ ಆಗಿದ್ದವನು. ಆದ್ದರಿಂದ ನಾನು ಹೇಳುವುದು ಒಂದೇ ಒಂದು ಬಾಗಿಲಿನ ಕಥೆ.

ಮೊದಲು ಬೇಗ ಬೇಗ ಒಂದೆರಡು ಮಾತು. 1869ರಲ್ಲಿ ಅಮೆರಿಕದ ರೈಲು ಆ ಕಡಲಿಂದ ಈ ಕಡಲಿಗೆ ಮುಟ್ಟಿತು. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಮಾಡಿ ಫಿಲಿಪ್ಪೀನ್ಸನ್ನು ತೆಗೆದುಕೊಂಡರು. 1901ರಲ್ಲಿ ಕಾರ್ನೆಗಿ ತನ್ನ ಉಕ್ಕಿನ ಕಾರ್ಖಾನೆಗಳನ್ನು ಮಾರ್ಗನ್ ಅನ್ನುವ ದೊಡ್ಡ ಬ್ಯಾಂಕರ್‌ಗೆ ಮಾರಿದ, ನೂರು ಕೋಟಿ ಡಾಲರ್ ದಾಟಿದ ಮೊದಲ ಕಂಪನಿ ಹುಟ್ಟಿತು. ದುಡಿಯುವ ಕೈಗಳು ಬೇಕಲ್ಲ? ಇಟಲಿಯಿಂದ, ರಷ್ಯಾದಿಂದ ಹಡಗುಗಟ್ಟಲೆ ಜನ ನ್ಯೂಯಾರ್ಕಿಗೆ ಬಂದಿಳಿದರು. ಸಾಕು, ಬಾಗಿಲಿಗೆ ಬರೋಣ.

ನ್ಯೂಯಾರ್ಕಿನಲ್ಲಿ ಹತ್ತು ಮಹಡಿಯ ಒಂದು ಕಟ್ಟಡ. ಮೇಲಿನ ಮೂರು ಮಹಡಿಯಲ್ಲಿ ಟ್ರಯಾಂಗಲ್ ಅನ್ನುವ ಗಾರ್ಮೆಂಟ್ಸ್. ಹೆಂಗಸರ ಬ್ಲೌಸ್ ಹೊಲಿಯುತ್ತಿದ್ದರು. ಸುಮಾರು 500 ಜನ ಕೆಲಸದವರು, ಹೆಚ್ಚಿನವರು ಹುಡುಗಿಯರು, ಹದಿನಾಲ್ಕು ವರ್ಷದವರೂ ಇದ್ದರು. ಸಂಜೆ ಮನೆಗೆ ಹೋಗುವಾಗ ಒಂದೇ ಬಾಗಿಲಲ್ಲಿ ಒಬ್ಬೊಬ್ಬರಾಗಿ ಹೋಗಬೇಕು, ಬ್ಯಾಗು ಬಿಚ್ಚಿ ತೋರಿಸಬೇಕು. ಬಟ್ಟೆ ತುಂಡು ಕದ್ದಾರು ಅಂತ. ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಕೆಲಸ ಮಾಡಿ ಈಗ ತಾನೇ ಮನೆಗೆ ಬಂದಿರುವ ಅಕ್ಕಂದಿರೇ, ಈ ಗೇಟ್ ಚೆಕಿಂಗ್ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಇನ್ನೊಂದು ಕಡೆಯ ಬಾಗಿಲಿಗೆ ಬೀಗ.

1911, ಮಾರ್ಚ್ 25. ಶನಿವಾರ, ಬಟವಾಡೆ ದಿನ. ಗಂಟೆ ಹೊಡೆಯಲು ಇನ್ನು ಐದು ನಿಮಿಷ ಇದ್ದಿರಬಹುದು. ಎಂಟನೇ ಮಹಡಿಯಲ್ಲಿ ಕಟಿಂಗ್ ಟೇಬಲ್ ಕೆಳಗಿನ ಚಿಂದಿ ರಾಶಿಗೆ ಬೆಂಕಿ ಹತ್ತಿತು. ತೆಳು ಹತ್ತಿ ಬಟ್ಟೆ, ಮೇಲೆ ತಂತಿಗೆ ನೇತುಹಾಕಿದ್ದ ಕಾಗದದ ಪ್ಯಾಟರ್ನ್. ಬಕೆಟ್ ನೀರಿಗೆ ಬಗ್ಗುವ ಬೆಂಕಿಯಲ್ಲ ಅದು. ಹೋಸ್ ಪೈಪ್ ಎಳೆದರು, ನೀರೇ ಬರಲಿಲ್ಲ. ಎಂಟನೇ ಮಹಡಿಯವರು ಹತ್ತನೇ ಮಹಡಿಗೆ ಫೋನ್ ಮಾಡಿದರು. ಅಲ್ಲಿ ಮಾಲೀಕರಿದ್ದರು. ಅವರು ತಾರಸಿಗೆ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿ ಉಳಿದುಕೊಂಡರು. ಮಧ್ಯದ ಒಂಬತ್ತನೇ ಮಹಡಿಗೆ ಯಾರೂ ಹೇಳಲಿಲ್ಲ.

ಒಂಬತ್ತನೇ ಮಹಡಿಯ ಹುಡುಗಿಯರು ಒಂದು ಬಾಗಿಲಿಗೆ ಓಡಿದರು. ಸ್ವಲ್ಪ ಹೊತ್ತಿಗೆ ಅಲ್ಲಿ ಬೆಂಕಿ. ಇನ್ನೊಂದಕ್ಕೆ ಓಡಿದರು. ಬೀಗ. ಹಿಂದಿನ ಕಬ್ಬಿಣದ ಮೆಟ್ಟಿಲು ಭಾರಕ್ಕೆ ಕುಸಿದುಬಿತ್ತು. ಲಿಫ್ಟ್ ನಡೆಸುತ್ತಿದ್ದ ಇಬ್ಬರು ಹುಡುಗರು ಆದಷ್ಟು ಸಲ ಮೇಲೆ ಕೆಳಗೆ ಓಡಾಡಿಸಿ ಜನರನ್ನು ಇಳಿಸಿದರು. ಬೆಂಕಿ ಎಂಜಿನ್ ಬಂತು, ಏಣಿ ಆರನೇ ಮಹಡಿವರೆಗೆ ಮಾತ್ರ ಮುಟ್ಟಿತು. ಕಿಟಕಿಯಿಂದ ಹಾರಿದರು. ಕೆಳಗೆ ಹಿಡಿದ ಬಲೆ ಹರಿದುಹೋಯಿತು. ಒಟ್ಟು 146 ಜನ ಸತ್ತರು. ಅದರಲ್ಲಿ 123 ಹೆಂಗಸರು, ಹುಡುಗಿಯರು. ಎಲ್ಲ ಮುಗಿಯಲು ಸುಮಾರು 18 ನಿಮಿಷ.

ಆ ಹದಿನೆಂಟು ನಿಮಿಷ ನನ್ನ ತಲೆಯಲ್ಲಿ ಯಾಕೆ ಕೂತಿದೆ ಅಂತ ಹೇಳಿಬಿಡುತ್ತೇನೆ. ಒಮ್ಮೆ ಒಂದು ಕಾರ್ಖಾನೆಗೆ ತಪಾಸಣೆಗೆ ಹೋಗಿದ್ದೆ. ಎಮರ್ಜೆನ್ಸಿ ಬಾಗಿಲ ಮುಂದೆ ಎದೆಮಟ್ಟ ಕಾರ್ಟನ್. ಅದರ ಹಿಂದೆ ಬೀಗ. ಕೀ ಎಲ್ಲಪ್ಪಾ ಅಂದೆ. "ಸಾಹೇಬ್ರ ಹತ್ರ ಇದೆ ಸಾರ್, ಊಟಕ್ಕೆ ಹೋಗಿದ್ದಾರೆ." ಸರಿ, ನಾನೂ ಗಡಿಯಾರ ನೋಡುತ್ತಾ ಒಂದು ಸ್ಟೂಲಿನ ಮೇಲೆ ಕೂತೆ. ಕೀ ಬರಲು ಇಪ್ಪತ್ತೆರಡು ನಿಮಿಷ. ಸಾಹೇಬರು ಬಾಯಿ ಒರೆಸಿಕೊಳ್ಳುತ್ತಾ ಬಂದು, "ಇಷ್ಟಕ್ಕೆಲ್ಲ ಯಾಕೆ ಸಾರ್ ಟೆನ್ಷನ್" ಅಂದರು. ನನಗೆ ಬಂದ ಕೋಪ ಇವತ್ತಿಗೂ ಇಳಿದಿಲ್ಲ, ಬಿಡಿ.

ಟ್ರಯಾಂಗಲ್ ಮಾಲೀಕರ ಮೇಲೆ ಕೇಸ್ ನಡೆಯಿತು. ಬಾಗಿಲಿಗೆ ಆ ಹೊತ್ತಿನಲ್ಲಿ ಬೀಗ ಹಾಕಿದ್ದು ಅವರಿಗೆ ಗೊತ್ತಿತ್ತು ಅಂತ ಸಾಬೀತಾಗಲಿಲ್ಲ ಅಂತ ಬಿಟ್ಟುಬಿಟ್ಟರು. ಆಮೇಲೆ ಸತ್ತ ಒಬ್ಬೊಬ್ಬರಿಗೆ 75 ಡಾಲರ್ ಪರಿಹಾರ. ಇನ್ನೊಂದು ಕೇಳಿ. 1913ರಲ್ಲಿ ಅದೇ ಮಾಲೀಕರಲ್ಲಿ ಒಬ್ಬ, ಕೆಲಸದ ವೇಳೆ ಬಾಗಿಲಿಗೆ ಬೀಗ ಹಾಕಿಸಿದ್ದಕ್ಕೆ ಮತ್ತೆ ಸಿಕ್ಕಿಬಿದ್ದ. ದಂಡ ಎಷ್ಟು? 20 ಡಾಲರ್.

ಸುಧಾರಣೆ ಎಲ್ಲಿ ಬಂತು ಸಾರ್ ಅಂತೀರಾ? ಬಂತು. ಆ ಸಂಜೆ ಹತ್ತಿರದ ಮನೆಯೊಂದರಲ್ಲಿ ಚಹಾ ಕುಡಿಯುತ್ತಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಅನ್ನುವ ಹೆಣ್ಣುಮಗಳು ಗಲಾಟೆ ಕೇಳಿ ಓಡಿ ಬಂದರು. ಹುಡುಗಿಯರು ಹಾರುವುದನ್ನು ಕಣ್ಣಾರೆ ನೋಡಿದರು. ಅದೇ ವರ್ಷ ನ್ಯೂಯಾರ್ಕ್ ರಾಜ್ಯ ಕಾರ್ಖಾನೆಗಳ ತನಿಖೆಗೆ ಆಯೋಗ ನೇಮಿಸಿತು. ಪರ್ಕಿನ್ಸ್ ಅದಕ್ಕಾಗಿ ಕೆಲಸ ಮಾಡಿದರು. ಶಾಸಕರನ್ನು ಸುಮ್ನೆ ಕೂರಲು ಬಿಡಲಿಲ್ಲ, ಕಾರ್ಖಾನೆಗಳಿಗೇ ಕರೆದುಕೊಂಡು ಹೋದರು. ಒಂದು ಕಡೆ ಗೋಡೆಯಲ್ಲಿ ಒಂದು ಕಿಂಡಿ. ಆಚೆ ಹಿಮಗಟ್ಟಿದ ಏಣಿ. ಅದು ನೆಲದಿಂದ ಹನ್ನೆರಡು ಅಡಿ ಮೇಲೆಯೇ ನಿಂತುಹೋಗಿತ್ತು. ಅದಕ್ಕೆ ಬೆಂಕಿ ಬಿದ್ದಾಗ ಪಾರಾಗುವ ದಾರಿ ಅಂತ ಹೆಸರು. ರಾಬರ್ಟ್ ವ್ಯಾಗ್ನರ್ ಅನ್ನುವ ಶಾಸಕನನ್ನು ಆ ಕಿಂಡಿಯೊಳಗೆ ತೆವಳಿಸಿಯೇ ಬಿಟ್ಟರು! ಕಡತ ಓದಿಸುವುದಕ್ಕಿಂತ ಇದು ಮೇಲು. ಕೆಲವೇ ವರ್ಷದಲ್ಲಿ 30ಕ್ಕೂ ಹೆಚ್ಚು ಕಾನೂನು ಬಂದವು. 1933ರಲ್ಲಿ ಪರ್ಕಿನ್ಸ್ ಇಡೀ ಅಮೆರಿಕಕ್ಕೆ ಕಾರ್ಮಿಕ ಮಂತ್ರಿಯಾದರು. ಅಲ್ಲಿ ಮಂತ್ರಿಯಾದ ಮೊದಲ ಹೆಂಗಸು.

ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯಲ್ಲೂ ಬೆಂಕಿ ಬಿದ್ದಾಗ ಪಾರಾಗುವ ದಾರಿಗೆ ಒಂದು ಸೆಕ್ಷನ್ ಇತ್ತು, 38ನೆಯದು. ಕಾಗದದ ಮೇಲೆ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ನೀವು ಕೂರುವ ಲೈನಿನಿಂದ ಎದ್ದು ಹೋಗಿ ನೋಡಿ.

ರೂಸ್‌ವೆಲ್ಟ್, ಪನಾಮಾ ಕಾಲುವೆ, ಮಕ್ಕಳ ದುಡಿಮೆ, ಇನ್ನೂ ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಟೈಮ್ ಆಯಿತಂತೆ. ಅಂದ ಹಾಗೆ, ಈ ಸ್ಟುಡಿಯೋದ ಬಾಗಿಲು ಒಳಕ್ಕೆ ತೆರೆಯುತ್ತದೆ, ಒಳಗಿನವರು ಒಟ್ಟಿಗೆ ನುಗ್ಗಿದರೆ ತೆರೆಯುವುದೇ ಕಷ್ಟ. ಬರುವಾಗಲೇ ನೋಡಿದೆ. ಹೊರಗೆ ಹೋದ ಮೇಲೆ ಅವರ ಹತ್ತಿರ ಮಾತಾಡುತ್ತೇನೆ. ನಮಸ್ಕಾರ.