ಕರಗುವ ನೆಲದ ಲೆಕ್ಕ

ನಮಸ್ಕಾರ ಕೇಳುಗರೇ.

ರಷ್ಯಾದ ಈಶಾನ್ಯ ಮೂಲೆಯಲ್ಲಿ, ಸಖಾ ಗಣರಾಜ್ಯದಲ್ಲಿ, ಬಟಗಾಯ್ ಅಂತ ಒಂದು ಪುಟ್ಟ ಊರಿದೆ. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ ಮಾಮೂಲು. 1960ರ ದಶಕದಲ್ಲಿ ಆ ಊರಿನ ಹತ್ತಿರ ಒಂದು ಇಳಿಜಾರಿನಲ್ಲಿ ಕಾಡು ಕಡಿದರು. ಮರದ ನೆರಳು ಹೋಯಿತು. ನೆಲದ ಮೇಲಿದ್ದ ಪಾಚಿಯ ಹೊದಿಕೆಯೂ ಹೋಯಿತು. ಬೇಸಿಗೆಯ ಬಿಸಿಲು ನೇರವಾಗಿ ಮಣ್ಣಿಗೆ ತಾಗಿತು. ಮೊದಲು ಒಂದು ಕೊರಕಲು ಬಿತ್ತು. ಕೊರಕಲು ಹಳ್ಳವಾಯಿತು, ಹಳ್ಳ ಕಮರಿಯಾಯಿತು. 2023ರ ಹೊತ್ತಿಗೆ ಅದರ ಅಗಲವೇ 990 ಮೀಟರ್. ಸುತ್ತಲಿನ ಜನ ಅದನ್ನು ಪಾತಾಳದ ಬಾಗಿಲು ಅಂತ ಕರೆಯುತ್ತಾರೆ. 2018ರಲ್ಲಿ ಅಲ್ಲಿ ಒಂದು ಕುದುರೆ ಮರಿಯ ದೇಹ ಸಿಕ್ಕಿತು. ಸುಮಾರು 42,000 ವರ್ಷ ಹಿಂದಿನದು. ಚರ್ಮ, ಗೊರಸು ಎಲ್ಲ ಹಾಗೇ ಇತ್ತು.

ಅಷ್ಟು ಕಾಲ ಆ ಮರಿಯನ್ನು ಕಾಪಾಡಿದ್ದು ಹೆಪ್ಪುಗಟ್ಟಿದ ನೆಲ. ವಿಜ್ಞಾನಿಗಳು ಇದಕ್ಕೆ ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಕನಿಷ್ಠ ಎರಡು ವರ್ಷ ಬಿಡದೆ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರುವ ನೆಲ. ಸೈಬೀರಿಯಾ, ಅಲಾಸ್ಕಾ, ಕೆನಡಾದ ಉತ್ತರ ಭಾಗ, ಟಿಬೆಟ್ ಪ್ರಸ್ಥಭೂಮಿ, ಇಲ್ಲೆಲ್ಲ ಅದಿದೆ. ಮೇಲಿನ ಒಂದು ಪದರ ಮಾತ್ರ ಬೇಸಿಗೆಯಲ್ಲಿ ಕರಗಿ, ಚಳಿಗೆ ಮತ್ತೆ ಗಟ್ಟಿಯಾಗುತ್ತದೆ. ಅದರ ಕೆಳಗಿನದು ಕರಗಬಾರದು. ಯಾಕೆಂದರೆ ಉತ್ತರದ ಈ ನೆಲದಲ್ಲಿ ಸತ್ತ ಗಿಡ, ಬೇರು, ಪ್ರಾಣಿಗಳ ರೂಪದಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲ ಕೂತಿದೆ. ಈಗ ಗಾಳಿಯಲ್ಲಿರುವ ಇಂಗಾಲದ ಹತ್ತಿರ ಹತ್ತಿರ ಎರಡರಷ್ಟು. ನೆಲ ಕರಗಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಕಾರ್ಬನ್ ಡೈಆಕ್ಸೈಡ್, ಮೀಥೇನ್ ಹೊರಗೆ ಬರುತ್ತವೆ.

ಇಷ್ಟು ದೊಡ್ಡ ನೆಲವನ್ನು ಕಾವಲು ಕಾಯುವುದು ಹೇಗೆ? ರಸ್ತೆ ಇಲ್ಲ, ಜನ ಕಡಿಮೆ. ಹಾಗಾಗಿ ಉಪಗ್ರಹಗಳ ಮೊರೆ ಹೋಗಬೇಕು. ಆದರೆ ಒಂದು ತೊಡಕಿದೆ. ಉಪಗ್ರಹಕ್ಕೆ ಪರ್ಮಾಫ್ರಾಸ್ಟ್ ಕಾಣುವುದೇ ಇಲ್ಲ. ಅದು ಮಣ್ಣಿನ ಅಡಿಯಲ್ಲಿದೆ, ಅಲ್ವಾ? ಕಾಣುವುದು ಮೇಲಿನ ಹುಲ್ಲು, ಪಾಚಿ, ನೀರು. ನಾಡಿ ಹಿಡಿದು ಒಳಗಿನ ಜ್ವರ ಹೇಳುವ ಹಾಗೆ, ಮೇಲಿನ ಗುರುತು ನೋಡಿ ಒಳಗಿನದನ್ನು ಹೇಳಬೇಕು.

ಎಲ್ಲಕ್ಕಿಂತ ಸುಲಭವಾಗಿ ಕಾಣುವ ಗುರುತು ಕೆರೆ. ನೆಲದೊಳಗಿನ ಮಂಜುಗಡ್ಡೆ ಕರಗಿದರೆ ಮೇಲಿನ ಮಣ್ಣು ಕುಸಿದು ತಗ್ಗು ಬೀಳುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಕೆಳಗಿನ ನೆಲವನ್ನು ಇನ್ನಷ್ಟು ಬೆಚ್ಚಗೆ ಮಾಡುತ್ತದೆ, ಕೆರೆ ದೊಡ್ಡದಾಗುತ್ತದೆ. ಕೆಲವು ಕಡೆ ಕೊನೆಗೆ ತಳದ ಹೆಪ್ಪು ಪೂರ್ತಿ ಬಿಟ್ಟುಕೊಂಡು, ನೀರೆಲ್ಲ ಇಂಗಿ ಹೋಗುತ್ತದೆ. ಸೈಬೀರಿಯಾದ ಐದು ಲಕ್ಷ ಚದರ ಕಿಲೋಮೀಟರ್ ಜಾಗದ 1973ರ ಚಿತ್ರಗಳನ್ನೂ 1997–98ರ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ಸಂಶೋಧಕರು 2005ರಲ್ಲಿ ಲೆಕ್ಕ ಕೊಟ್ಟರು. 10,882 ಇದ್ದ ದೊಡ್ಡ ಕೆರೆಗಳು 9,712ಕ್ಕೆ ಇಳಿದಿದ್ದವು. ಸ್ವಾರಸ್ಯವೆಂದರೆ, ಹೆಪ್ಪು ಇನ್ನೂ ಎಡೆಬಿಡದೆ ಗಟ್ಟಿಯಾಗಿದ್ದ ಕಡೆ ಕೆರೆಗಳು ಹಿಗ್ಗಿದ್ದವು. ಹೆಪ್ಪು ಅಲ್ಲಲ್ಲಿ ತುಂಡಾಗಿದ್ದ ಕಡೆ ಬತ್ತಿದ್ದವು. ಒಂದೇ ರೋಗ, ಎರಡು ಹಂತ.

ಹಳೆಯ ಚಿತ್ರ ಇಲ್ಲದಿದ್ದರೆ ಇಂಥ ಲೆಕ್ಕ ಸಾಧ್ಯವಿಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಚಿತ್ರ ತೆಗೆಯುತ್ತಿವೆ. 2008ರಲ್ಲಿ ಆ ಭಂಡಾರವನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ನನ್ನ ಮಟ್ಟಿಗೆ, ಎಷ್ಟೋ ಹೊಸ ಉಪಕರಣಗಳಿಗಿಂತ ಆ ಒಂದು ತೀರ್ಮಾನವೇ ಈ ಅಧ್ಯಯನಕ್ಕೆ ಜಾಸ್ತಿ ಬಲ ಕೊಟ್ಟಿತು. ಅದಕ್ಕೂ ಹಿಂದಿನ ಚಿತ್ರಗಳಿವೆ. ಶೀತಲ ಸಮರದ ಕಾಲದಲ್ಲಿ, 1960ರಿಂದ 1972ರವರೆಗೆ, ಕೊರೋನಾ ಅನ್ನುವ ಬೇಹುಗಾರ ಉಪಗ್ರಹಗಳು ಸೋವಿಯತ್ ನೆಲದ ಚಿತ್ರ ತೆಗೆಯುತ್ತಿದ್ದವು. ಫಿಲ್ಮ್ ಸುರುಳಿಯನ್ನು ಪ್ಯಾರಾಶೂಟ್ ಕಟ್ಟಿ ಕೆಳಗೆ ಬಿಟ್ಟರೆ, ವಿಮಾನ ಅದನ್ನು ಗಾಳಿಯಲ್ಲೇ ಹಿಡಿಯುತ್ತಿತ್ತು! 1995ರಲ್ಲಿ ಆ ಗುಟ್ಟು ಬಯಲಾಯಿತು. ಕ್ಷಿಪಣಿ ಹುಡುಕಲು ತೆಗೆದ ಚಿತ್ರಗಳಲ್ಲಿ ಈಗ ಸೈಬೀರಿಯಾದ ಹಳೆಯ ಕೆರೆಗಳನ್ನು ಹುಡುಕುತ್ತಾರೆ.

ಕ್ಯಾಮೆರಾಗೆ ಬೆಳಕು ಬೇಕು. ಉತ್ತರ ಧ್ರುವದ ಕಡೆ ಚಳಿಗಾಲವೆಲ್ಲ ಕತ್ತಲೆ, ಬೇಸಿಗೆಯಲ್ಲಿ ಮೋಡ. ಇಲ್ಲಿ ರಾಡಾರ್ ಕೆಲಸಕ್ಕೆ ಬರುತ್ತದೆ. ಅದು ತಾನೇ ಅಲೆ ಕಳಿಸಿ, ನೆಲಕ್ಕೆ ಬಡಿದು ಬರುವ ಮಾರ್ದನಿಯನ್ನು ಕೇಳಿಸಿಕೊಳ್ಳುತ್ತದೆ. ಮೋಡವೂ ಅಡ್ಡಿಯಲ್ಲ, ಕತ್ತಲೆಯೂ ಅಡ್ಡಿಯಲ್ಲ. ಕೆಲವು ದಿನ ಬಿಟ್ಟು ಅದೇ ಜಾಗದ ಮೇಲೆ ಮತ್ತೆ ಹಾದುಹೋದಾಗ ಎರಡು ಮಾರ್ದನಿಗಳನ್ನು ಹೋಲಿಸಿದರೆ, ನೆಲ ಸೆಂಟಿಮೀಟರ್ ಕುಸಿದಿದ್ದರೂ ಗೊತ್ತಾಗುತ್ತದೆ. ದೋಸೆ ಹಿಟ್ಟು ಉಬ್ಬಿ ಇಳಿದ ಹಾಗೆ, ಈ ನೆಲ ಚಳಿಗೆ ಉಬ್ಬಿ ಬೇಸಿಗೆಗೆ ಇಳಿಯುತ್ತದೆ. ಅಲಾಸ್ಕಾದ ಉತ್ತರ ತಪ್ಪಲಿನಲ್ಲಿ 1992ರಿಂದ 2000ದವರೆಗಿನ ರಾಡಾರ್ ಚಿತ್ರ ನೋಡಿದವರಿಗೆ ಈ ಏರಿಳಿತವೂ ಕಂಡಿತು. ಅದರ ಜೊತೆಗೆ ಹತ್ತು ವರ್ಷಕ್ಕೆ 1ರಿಂದ 4 ಸೆಂಟಿಮೀಟರ್‌ನಷ್ಟು ಮತ್ತೆ ಮೇಲೇಳದ ಕುಸಿತವೂ ಕಂಡಿತು.

ಇಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ ಅಂತ ಹೇಳಲು ನನಗೆ ಬಹಳ ಖುಷಿ. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ ಉಪಗ್ರಹವನ್ನು ಜೋಡಿಸಿ ಪರೀಕ್ಷೆ ಮಾಡಿದ್ದು ಬೆಂಗಳೂರಿನಲ್ಲೇ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಅದು ಮೇಲೇರಿತು. 12 ಮೀಟರ್ ಅಗಲದ ಆಂಟೆನಾ, ಎರಡು ರಾಡಾರ್. ಅದರಲ್ಲಿ ನಾಸಾದ ರಾಡಾರಿನ ಅಲೆಯ ಉದ್ದ 24 ಸೆಂಟಿಮೀಟರ್. ಸಣ್ಣ ಅಲೆ ಎಲೆಗೆ, ಪೊದೆಗೆ ತಾಗಿ ಚದುರಿಬಿಡುತ್ತದೆ. ಈ ಉದ್ದದ ಅಲೆ ಅವುಗಳ ನಡುವೆ ನುಸುಳಿ ನೆಲದವರೆಗೆ ಇಳಿಯಬಲ್ಲದು. 12 ದಿನಕ್ಕೊಮ್ಮೆ ಅದು ಅದೇ ದಾರಿಗೆ ವಾಪಸ್ ಬರುತ್ತದೆ.

ಹಾಗಂತ ನೆಲದ ಮೇಲಿನ ಕೆಲಸ ಮುಗಿದಿಲ್ಲ. ಬೇಸಿಗೆಯ ಕೊನೆಯಲ್ಲಿ ಸಂಶೋಧಕರು ಈಗಲೂ ಉಕ್ಕಿನ ಸಲಾಕೆ ಹಿಡಿದು ಹೋಗುತ್ತಾರೆ. ಮೆತ್ತಗಿನ ಮಣ್ಣಿಗೆ ಚುಚ್ಚುತ್ತಾರೆ. ಹೆಪ್ಪಿಗೆ ತಾಗಿ ಅದು ನಿಂತಾಗ ಎಷ್ಟು ಆಳ ಇಳಿಯಿತು ಅಂತ ಬರೆದುಕೊಳ್ಳುತ್ತಾರೆ. ಸಲಾಕೆ ಸುಳ್ಳು ಹೇಳುವುದಿಲ್ಲ. ಆದರೂ ಅದರಿಂದ ಒಂದು ವಿಷಯ ತಪ್ಪಿಹೋಗಬಹುದು. ಹೋದ ವರ್ಷ ಅರ್ಧ ಮೀಟರ್ ಇಳಿದಿತ್ತು ಅಂದುಕೊಳ್ಳಿ. ಈ ವರ್ಷವೂ ಅರ್ಧ ಮೀಟರ್. ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಆದರೆ ಆ ನಡುವೆ ಕೆಳಗಿನ ಮಂಜುಗಡ್ಡೆ ಕರಗಿ, ಮೇಲಿನ ಮಣ್ಣೇ ನಾಲ್ಕು ಬೆರಳು ಕುಸಿದಿರಬಹುದು. ಸಲಾಕೆ ಹಿಡಿದು ನಿಂತವರೂ ಅದರ ಜೊತೆಗೇ ಕೆಳಗೆ ಇಳಿದಿರುತ್ತಾರೆ. ಅವರ ಕಾಲಿಗೆ ಅದು ತಿಳಿಯುವುದಿಲ್ಲ. ಮೇಲೆ ಹಾದುಹೋಗುವ ರಾಡಾರಿಗೆ ತಿಳಿಯುತ್ತದೆ.

ನಮಸ್ಕಾರ.